ಗಿಳಿಯಿಲ್ಲದ ಹಲಗೆ

ಊರಿಗೆಲ್ಲ ಅವನು ಗಿಳಿಯಪ್ಪ. ಮೂವತ್ತು ವರ್ಷ ಪೆಟ್ಟಿಗೆ, ಬಾಗಿಲು, ತೊಟ್ಟಿಲುಗಳ ಮೇಲೆ ಗಿಳಿ ಬರೆದವನು. ಅಜ್ಜ ಬರೆದದ್ದೇ, ಅಪ್ಪ ಬರೆದದ್ದೇ: ಬಾಗಿದ ಕೊಕ್ಕು, ಪೆದ್ದು ಕಣ್ಣು. ಅದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಲಗೆಗೆ ಮೂರು ಸಲ ಕೆಂಪು ಬಳಿದು, ಉಪ್ಪುಕಾಗದದಿಂದ ಉಜ್ಜಿ, ಆ ಕೆಂಪಿಗೆ ಜೀವ ಬರುವ ಹೊತ್ತಿಗೆ ಸರಿಯಾಗಿ ಈ ದರಿದ್ರ ಹಕ್ಕಿಯನ್ನು ತಂದು ಕೂರಿಸಿ ಎಲ್ಲ ಕೆಡಿಸಬೇಕು!

ಐವತ್ತೆರಡನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಕೂರಿಸಲಿಲ್ಲ. ಕೆಂಪಿನ ಅಂಚಿಗೆ ನೀಲಿಯ ಒಂದು ಪಟ್ಟಿ ಎಳೆದು ಕುಂಚ ಕೆಳಗಿಟ್ಟ.

ಬಣ್ಣ ಬಳಿಯಲು ಆ ಪೆಟ್ಟಿಗೆ ಕೊಟ್ಟಿದ್ದ ಬಡಗಿ ಬಂದು, "ಗಿಳಿ ಎಲ್ಲಯ್ಯಾ?" ಅಂದ.

"ಹಾರಿಹೋಯ್ತು."

ಬಡಗಿ ಬಣ್ಣಕ್ಕೆ ಬೇರೆಯವರನ್ನು ನೋಡಿಕೊಂಡ. ಹೋಗಲಿ, ಮರ ಕೊಯ್ಯುವವನಿಗೆ ಬಣ್ಣದ ಗಂಧ ಎಲ್ಲಿಂದ ಬರಬೇಕು ಎಂದುಕೊಂಡ ಗಿಳಿಯಪ್ಪ.

ಎರಡು ವರ್ಷದಲ್ಲಿ ಗಿಳಿಯಿಲ್ಲದ ಹನ್ನೊಂದು ಹಲಗೆಗಳಾದವು. ಕಲಾಶಾಲೆಯ ಪ್ರದರ್ಶನಕ್ಕೆ ಕರೆ ಬಂತು. ಅಲ್ಲಿಯ ಮೇಲ್ವಿಚಾರಕ ಕನ್ನಡಕ ಏರಿಸಿ, ಇಳಿಸಿ, "ಅದ್ಭುತ! ಆದ್ರೆ ಮೂಲೇಲಿ ಒಂದು ಪುಟ್ಟ ಗಿಳಿ ಇದ್ದಿದ್ರೆ..." ಎಂದು ರಾಗ ಎಳೆದ.

ಪಕ್ಕದ ಕೋಣೆಯಲ್ಲಿ ಬೇರೊಬ್ಬರ ಬರಿ ಹಳದಿಯ ಆಳೆತ್ತರದ ಚಿತ್ರ ತೂಗುತ್ತಿತ್ತು. ಗಿಳಿಯಪ್ಪ ಅದರತ್ತ ಕೈ ತೋರಿಸಿದ. "ಅವ್ರಿಗೆ ಯಾಕೆ ಗಿಳಿ ಬೇಡ?"

"ಅವರು ಆಧುನಿಕ ಕಲಾವಿದರು."

"ಮತ್ತೆ ನಾನು?"

"ನೀವು ಜಾನಪದ ಅಲ್ವಾ!" ಮಗುವಿಗೆ ಹೇಳುವ ಹಾಗೆ ಹೇಳಿ ನಕ್ಕ.

ಇಷ್ಟು ಓದಿ ಇವನು ಕಲಿತದ್ದು ಚೀಟಿ ಅಂಟಿಸುವುದನ್ನೇ? "ಕುಂಚ ಕೊಡಿ ಸ್ವಾಮಿ," ಅಂದ ಗಿಳಿಯಪ್ಪ. "ನಿಮಗೆ ಅಷ್ಟೊಂದು ಆಸೆ ಇದ್ರೆ ಆ ಹಳದಿ ಮೇಲೆ ಒಂದು ಕೂರಿಸಿಕೊಡ್ತೀನಿ. ನಂದಂತೂ ಇಳಿಸಿ."

ಹನ್ನೊಂದೂ ಹಲಗೆ ಕೈಗಾಡಿಯಲ್ಲಿ ಮನೆಗೆ ಬಂದವು. ಹೆಂಡತಿ ಎಲ್ಲವನ್ನೂ ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಎರಡು ವರ್ಷ ಈ ಹಲಗೆಗಳ ಬಗ್ಗೆ ಒಂದು ಮಾತೂ ಆಡದಿದ್ದವಳು.

"ಈ ನಾಲ್ಕನೇದು ಚೆನ್ನಾಗಿದೆ. ಮಿಕ್ಕಿದ್ದೆಲ್ಲ ಅದನ್ನೇ ನೋಡಿ ಬರೆದಂಗಿದೆ."

"ನಿನಗೇನೇ ಗೊತ್ತು?" ಎಂದು ರೇಗಿದ.

"ಗೊತ್ತಿಲ್ಲಪ್ಪ. ನೀವೇ ನೋಡಿ."

ನೋಡಿದ. ಊಟ ಆರುವವರೆಗೂ ನೋಡಿದ. ಹಾಳಾದವಳು, ನಿಜವನ್ನೇ ಹೇಳಿದ್ದಳು. ಅಪ್ಪನನ್ನು ಬಿಟ್ಟು ಈಗ ತನ್ನನ್ನೇ ನಕಲು ಮಾಡಹತ್ತಿದ್ದ.

ನಾಲ್ಕನೆಯದನ್ನು ಪಕ್ಕಕ್ಕಿಟ್ಟು, ಉಳಿದ ಹತ್ತನ್ನೂ ಅಂಗಳಕ್ಕೆ ಎಳೆದುಕೊಂಡು ಹೋಗಿ ಬಣ್ಣ ಕೆರೆಯತೊಡಗಿದ.