ಎರಡು ಪೇಪರಿನ ಹವಾಲ್ದಾರ ಕಾಕಾ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹವಾಲ್ದಾರ ಕಾಕಾ ಟಿವಿ ಸುದ್ದಿಯಲ್ಲಿ ಕಾಣಿಸಿಕೊಂಡರು. ಹತ್ತು ನಲವತ್ತೊಂದಕ್ಕೆ ಅವರು ದೇಶದ್ರೋಹಿಯಾಗಿದ್ದರು. ನಾನು ಗಡಿಯಾರ ನೋಡಿದ್ದು ಸಂಭ್ರಮಕ್ಕೆ. ಆ ಹೊತ್ತು ಇನ್ನೂ ತಲೆಯಿಂದ ಇಳಿದಿಲ್ಲ.

ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮೂರು ಭೋಜದಲ್ಲಿ ಅವರದು ನಮ್ಮ ಎದುರು ಮನೆ. ಹೆಂಡತಿ ಇರಲಿಲ್ಲ, ಮಗಳನ್ನು ಶಿರಗುಪ್ಪಿಗೆ ಕೊಟ್ಟಿದ್ದರು. ಸೈನ್ಯದಿಂದ ನಿವೃತ್ತರಾಗಿ ಬಂದವರು ಮೀಸೆ ಬಿಟ್ಟರು, ಎರಡು ಎಮ್ಮೆ ಕಟ್ಟಿದರು, ಎರಡು ಪೇಪರು ಹಾಕಿಸಿಕೊಂಡರು. ಒಂದು ಕನ್ನಡದ್ದು, ಒಂದು ಮರಾಠಿಯದ್ದು. ಮುಂಜಾನೆ ಹಾಲು ಹಾಕಲು ಬಂದವರು ಡೇರಿಯ ಮುಂದೆ ಸಾಲು ನಿಂತಾಗ ಕಾಕಾ ಕಟ್ಟೆಯ ಮೇಲೆ ಕೂತು ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದರು. ಎರಡರಲ್ಲೂ ಬಂದದ್ದು "ಪಕ್ಕಾ". ಒಂದರಲ್ಲಷ್ಟೇ ಬಂದಿದ್ದರೆ ಆ ಪುಟದ ಮೂಲೆ ಮಡಚಿ "ನಾಳಿಗಿ ನೋಡೂನು" ಅನ್ನುತ್ತಿದ್ದರು. ಪೇಪರಿನವರು ಮೂಲೆಯಲ್ಲಿ ಚಿಕ್ಕದಾಗಿ ಹಾಕುವ ತಪ್ಪೊಪ್ಪಿಗೆಯನ್ನೂ ತಲೆಬರಹದಷ್ಟೇ ಜೋರಾಗಿ ಓದುವುದು ಅವರ ಪದ್ಧತಿ.

ಯುದ್ಧದ ಸುದ್ದಿ ಶುರುವಾದಾಗ ಊರಿಗೆ ಈ ಪದ್ಧತಿ ಸಾಲದಾಯಿತು. ವೈರಿಯ ಒಂದು ದೊಡ್ಡ ಶಹರ ನಮ್ಮವರ ಕೈಗೆ ಬಂತೆಂದು ಟಿವಿಯವರು ಒಂದೇ ಸಮನೆ ಕೂಗುತ್ತಿದ್ದರು. ಮರುದಿನ ಮರಾಠಿ ಪೇಪರಿನಲ್ಲಿ ಅದಿತ್ತು, ಕನ್ನಡದ್ದರಲ್ಲಿ ಇರಲಿಲ್ಲ. ಕಾಕಾ ಮೂಲೆ ಮಡಚಿದರು.

"ನಿನ್ನಿನ ಟಿವ್ಯಾಗ ಬಂದೈತ್ರಿ ಹವಾಲ್ದಾರ್ರ" ಅಂದ ಬಾಳು. ದಿನಾ ಕಟ್ಟೆಯ ಮೇಲೆ ಟವೆಲ್ ಹಾಸಿ ಕಾಕಾನ ಜಾಗ ಹಿಡಿದಿಡುತ್ತಿದ್ದವನು ಅವನೇ.

"ಟಿವಿ ಒದರತೈತಿ. ನಿನ್ನ ಎಮ್ಮಿ ಒದರಿದ ಕೂಡ್ಲೆ ಕ್ಯಾನ್ ತುಂಬತೈತೇನು?"

ಎಲ್ಲರೂ ನಕ್ಕರು. ಬಾಳುವೂ ನಕ್ಕ. ಮೂರು ದಿನದ ಮೇಲೆ ಆ ಸುದ್ದಿ ಸುಳ್ಳೆಂದು ಎರಡೂ ಪೇಪರಿನಲ್ಲಿ ಬಂತು.

ಅದೇ ವಾರ ವಿನಾಯಕ ಫೋನ್ ಮಾಡಿದ. ಕಾಲೇಜಿನಲ್ಲಿ ನನ್ನ ಸಹಪಾಠಿ, ಈಗ ಒಂದು ಸುದ್ದಿವಾಹಿನಿಯ ವರದಿಗಾರ. "ಮಾತಾಡೋ ಮಾಜಿ ಸೈನಿಕರು ಯಾರರೆ ಅದಾರೇನು ನಿಮ್ಮೂರಾಗ?" ಎಂದು ಕೇಳಿದ. ನಾನು ಹೆಮ್ಮೆಯಿಂದ ಕಾಕಾನ ಹೆಸರು ಹೇಳಿದೆ. ಅವನು ಬಂದಾಗ ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದೆ.

"ಯುದ್ಧದಾಗ ಸೈನಿಕರಿಗೆ ಅಂಜಿಕಿ ಆಗೂದಿಲ್ಲೇನ್ರಿ?" ಎಂದು ಕೇಳಿದ ವಿನಾಯಕ.

ಕಾಕಾ ಹೇಳಿದ್ದು ಇಷ್ಟು: "ಅಂಜಿಕಿ ಎಲ್ಲಾರಿಗೂ ಆಗತೈತಿ. ನನಗೂ ಆಗಿತ್ತು. ಅದನ್ನ ಕಿಸೇದಾಗ ಹಾಕ್ಕೊಂಡು ಮುಂದ ಹೋಗಾವ್ನ ಫೌಜಿ. ನಮ್ಮ ಹುಡುಗ್ರು ಮುಂದ ಹೊಂಟಾರ. ಇಲ್ಲಿ ಕುಂತು ಅವರಿಗೆ ಯುದ್ಧ ಕಲಿಸಬ್ಯಾಡ್ರಿ."

ಮರುದಿನ ನಾನು ಪಾಠ ಮಾಡುವ ಕಾಲೇಜಿಗೆ ರಜೆ. ಅವರ ಮನೆಯಲ್ಲಿ ಟಿವಿ ಇರಲಿಲ್ಲ, ನನ್ನ ಮೊಬೈಲಿನಲ್ಲೇ ತೋರಿಸಲು ಹೋದೆ. ತೆರೆಯ ಮೇಲಿನ ಕಾಕಾ ಎರಡೇ ಮಾತು ಆಡಿದರು: "ಅಂಜಿಕಿ ಎಲ್ಲಾರಿಗೂ ಆಗತೈತಿ. ನನಗೂ ಆಗಿತ್ತು." ಕೆಳಗೆ ಕೆಂಪು ಪಟ್ಟಿಯಲ್ಲಿ "ನಮ್ಮ ಸೇನೆಗೆ ಭಯ ಎಂದ ಮಾಜಿ ಸೈನಿಕ" ಎಂದು ಓಡುತ್ತಿತ್ತು. ಸ್ಟುಡಿಯೋದಲ್ಲಿ ಕೂತವನೊಬ್ಬ ಇಂಥವರನ್ನು ಊರಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುತ್ತಿದ್ದ.

"ಉಳದದ್ದು ಮುಂದ ಬರತೈತೇನು?" ಅಂದರು ಕಾಕಾ.

ಮುಂದೆ ಬಂದದ್ದು ಜನ. ಹನ್ನೊಂದೂವರೆಗೆ ಬಾಗಿಲ ಮುಂದೆ ಓಣಿ ತುಂಬಿತ್ತು. ನಾನು ಚಿಲಕ ಹಾಕಿ, ಧಾನ್ಯದ ಚೀಲ ಎಳೆದು ಬಾಗಿಲಿಗೆ ಅಡ್ಡ ಇಟ್ಟೆ. ವಿನಾಯಕನಿಗೆ ಫೋನ್ ಹಚ್ಚಿ ಪೂರ್ತಿ ಮಾತು ತೋರಿಸಲು ಬೇಡಿಕೊಂಡೆ.

"ನಾ ಪೂರ್ತಿನ ಕಳಿಸೀನಿ ಮಾರಾಯ್ತಿ. ಕತ್ತರಸೂದು ಮ್ಯಾಲಿನವ್ರು." ಸ್ವಲ್ಪ ತಡೆದು, "ಹೊರಗ ಗದ್ದಲ ಕೇಳಾಕತ್ತೈತಿ. ಕಿಡಕ್ಯಾಗಿಂದ ಒಂದು ವಿಡಿಯೋ ಮಾಡಿ ಕಳಿಸ್ತೀಯೇನು?" ಅಂದ.

ಹೊರಗಿನಿಂದ "ಹವಾಲ್ದಾರ, ಹೊರಗ ಬಾ" ಎಂದು ಒಂದು ದನಿ ಬಂತು. ಗುರುತಿನ ದನಿ. ಬಹುವಚನ ಉದುರಿಹೋಗಿತ್ತು.

ಕಾಕಾ ಕಿಟಕಿಯ ಹತ್ತಿರ ಹೋದರು. "ಬಾಳೂ, ನಿನ್ನ ಎಮ್ಮಿ ಈದತೇನೋ?"

ಗದ್ದಲ ನಿಂತಿತು. "ಇನ್ನೂ ಇಲ್ರಿ" ಅಂದುಬಿಟ್ಟ ಬಾಳು. ಹಿಂದಿನಿಂದ ಯಾರೋ ಅವನನ್ನು ಬೈದರು. ಆಮೇಲೆ ಕಲ್ಲು ಬಂತು. ಗಾಜು ಒಡೆದು ಕಾಕಾನ ಹುಬ್ಬಿಗೆ ಬಡಿಯಿತು. ನನ್ನ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದು ಇಬ್ಬರೂ ಕಪಾಟಿನ ಹಿಂದೆ ಕೂತೆವು. ಪೊಲೀಸ್ ಜೀಪು ಬಂದು ಜನ ಚದುರಿದ್ದು ಐವತ್ತು ನಿಮಿಷದ ಮೇಲೆ. ಅಷ್ಟೂ ಹೊತ್ತು ಕಾಕಾ ಹೊರಗಿನ ದನಿಗಳನ್ನು ಗುರುತಿಸುತ್ತಿದ್ದರು, ಹೆಸರು ಮಾತ್ರ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ, ಬೇಡವೆಂದರೂ ಕೇಳದೆ, ಹುಬ್ಬಿನ ಪಟ್ಟಿಯೊಂದಿಗೆ ಡೇರಿಗೆ ನಡೆದರು. ನಾನು ಹಿಂದೆ ಹೋದೆ. ಕಟ್ಟೆಯ ಮೇಲೆ ಟವೆಲ್ ಇರಲಿಲ್ಲ. ನಿಂತೇ ಪೇಪರು ಬಿಚ್ಚಿದರು. ಕನ್ನಡದ್ದರಲ್ಲಿ ಅವರ ಎರಡು ಮಾತು ಇದ್ದವು. ಮರಾಠಿಯದ್ದರಲ್ಲೂ ಅವೇ ಎರಡು, ಟಿವಿಯಿಂದ ಎತ್ತಿಕೊಂಡವು. ಎರಡನ್ನೂ ಗಟ್ಟಿಯಾಗಿ ಓದಿದರು.

"ಎರಡರಾಗೂ ಬಂದೈತಿ" ಅಂದ ಬಾಳು, ನೆಲ ನೋಡುತ್ತ. "ಪಕ್ಕಾ ಆತಲ್ರಿ. ನೀವ ಕಲಿಸಿದ್ದು."

ಕಾಕಾ ಎರಡೂ ಪೇಪರುಗಳನ್ನು ಒಂದರ ಮೇಲೊಂದು ಇಟ್ಟರು. "ಹೌದಪಾ, ನಾನ ಕಲಿಸಿದ್ದು. ನಳ ಎರಡು ಅದಾವಂತ ತಿಳಿದಿದ್ನಿ. ನೀರ ಬರೂ ಟಾಕಿ ಒಂದ ಐತಿ."

ಆಮೇಲೆ ನನ್ನ ಕಡೆ ತಿರುಗಿದರು. ಪೂರ್ತಿ ಮಾತನ್ನು ಕೇಳಿದವಳು ಆ ಸಾಲಿನಲ್ಲಿ ನಾನೊಬ್ಬಳೇ. ಎರಡು ಪದವಿ ಪಡೆದವಳು, ಕಾಲೇಜಿನಲ್ಲಿ ನಿತ್ಯ ಮೂರು ತರಗತಿ ಮಾತಾಡುವವಳು. ಆ ಕಲ್ಲು ಯಾರ ಕೈಯಿಂದ ಬಂದಿತ್ತೋ ಗೊತ್ತಿರಲಿಲ್ಲ. ಎಲ್ಲರ ಕೈಯನ್ನೂ ನೋಡುತ್ತಿದ್ದೆ. ಬಾಯಿ ತೆರೆಯಲಿಲ್ಲ. ಅವರು ಪೇಪರು ಮಡಚಿಕೊಂಡು ಹೋದರು. ಸಂಜೆ ಮಗಳು ಬಂದು ಶಿರಗುಪ್ಪಿಗೆ ಕರೆದುಕೊಂಡು ಹೋದಳು.

ನಾಲ್ಕು ತಿಂಗಳು ನನಗೆ ನಿದ್ದೆ ತುಂಡು ತುಂಡಾಗಿಯೇ ಬರುತ್ತಿತ್ತು. ಪಾತ್ರೆ ಜಾರಿದರೂ ಕಪಾಟಿನ ಹಿಂದೆ ಕೂತವಳಂತೆ ಮೈ ಮುದುಡುತ್ತಿತ್ತು. ಕೊನೆಗೆ ಒಂದು ಮಂಗಳವಾರ ಶಿರಗುಪ್ಪಿಯ ಬಸ್ಸು ಹತ್ತಿದೆ. ಕಾಕಾ ಅಂಗಳದಲ್ಲಿ ಕಬ್ಬಿನ ಸೋಗೆಯ ಹೊರೆ ಬಿಚ್ಚಿ ದನಗಳಿಗೆ ಹಾಕುತ್ತಿದ್ದರು. ಮೀಸೆ ತೆಗೆಸಿದ್ದರು. ಮನೆಯಲ್ಲಿ ಎಲ್ಲೂ ಪೇಪರು ಕಾಣಲಿಲ್ಲ.

"ಕಾಕಾ, ವಿನಾಯಕಗ ನಿಮ್ಮ ಹೆಸರು ಹೇಳಿದಾಕಿ ನಾನ."

"ಗೊತ್ತೈತಿ. ಅದಕ್ಕ ಸಿಟ್ಟಿಲ್ಲ. ನನಗೂ ಟಿವ್ಯಾಗ ಬರೂ ಹುಚ್ಚಿತ್ತು ತಂಗಿ. ಅವತ್ತು ಮೀಸಿಗೆ ಎಣ್ಣಿ ಹಚ್ಚಿದ್ನಿ."

"ಡೇರಿ ಮುಂದ ನಾ ಮಾತಾಡಿದ್ರೂ ಯಾರೂ ಕೇಳತಿದ್ದಿಲ್ರಿ."

"ಇಲ್ಲ, ಕೇಳತಿದ್ದಿಲ್ಲ." ಕೈಯಲ್ಲಿದ್ದ ಸೋಗೆಯನ್ನು ಎಮ್ಮೆಯ ಮುಂದೆ ಹರಡಿದರು. "ಮಂದಿ ಕೇಳಲಿ ಅಂತ ಅಲ್ಲ. ನೀ ಮಾತಾಡೂದನ್ನ ನಾ ಕೇಳಬೇಕಿತ್ತು."

ಮಗಳು ಚಹಾ ತಂದಳು, ಕುಡಿದೆವು. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕಾಕಾ ಭೋಜಕ್ಕೆ ಮರಳಲಿಲ್ಲ. ದೀಪಾವಳಿಗೆ ಮೊದಲೇ ಶಿರಗುಪ್ಪಿಯಲ್ಲಿ ತೀರಿಕೊಂಡರು. ಯಾವ ಪೇಪರಿನಲ್ಲೂ ಬರಲಿಲ್ಲ.

ಅವರ ಸಿಟ್ಟು ಯಾವುದಕ್ಕೆಂದು ಅವರ ಬಾಯಿಂದಲೇ ಕೇಳಿದ ಆ ಮಂಗಳವಾರ ರಾತ್ರಿ, ಎಷ್ಟೋ ದಿನದ ಮೇಲೆ, ನಾನು ಬೆಳಗಿನವರೆಗೆ ಒಮ್ಮೆಯೂ ಏಳದೆ ಮಲಗಿದೆ.