ಊದದ ತೋಳು

ನಮ್ಮೂರು ಮ್ಬೆಕ್ವೇನಿಯ ಕ್ಲಿನಿಕ್ಕಿನಲ್ಲಿ ಮಾಭೆಲೆಯ ಕೆಲಸ ತೋಳು ಓದುವುದು. ಮುಂದೋಳಿಗೆ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿಸಿಕೊಂಡು ಮೂರನೆಯ ದಿನ ಬಂದವರ ಚರ್ಮದ ಮೇಲೆ ಬಾಲ್‌ಪೆನ್ನು ಎಳೆಯುತ್ತಾಳೆ. ಗಟ್ಟಿ ಊತ ಸಿಕ್ಕಲ್ಲಿ ಪೆನ್ನು ನಿಲ್ಲುತ್ತದೆ. ಎರಡೂ ಕಡೆಯಿಂದ ಎಳೆದು, ನಡುವಿನ ಅಗಲ ಅಳೆದು ಬರೆಯುತ್ತಾಳೆ. ಚೀಟಿ ಕೊಡುವ ಕಿಟಕಿಯಲ್ಲಿ ಕೂತು ಹತ್ತೊಂಬತ್ತು ವರ್ಷ ನಾನು ಅವಳ ಮಾತು ಕೇಳಿದ್ದೇನೆ. ನೊಲುವೊ ಎಂಬ ಹೆಸರಿದೆ; ಆದರೆ ಭೆಲೆ ಕುಲದ ಮಗಳನ್ನು ಮಾಭೆಲೆ ಎನ್ನದೆ ಕರೆದರೆ ಅವಳಿಗೆ ಕೋಪ ಮೂಗಿನ ತುದಿಗೆ ಬರುತ್ತದೆ.

ನಮ್ಮವರಿಗೊಂದು ಹುಚ್ಚು ನಂಬಿಕೆ. ತೋಳು ಊದಿದರೆ ಮನೆಯಲ್ಲಿ ಅಳು, ಊದದಿದ್ದರೆ ಬೀದಿಯುದ್ದಕ್ಕೂ ತೋರಿಸಿಕೊಂಡು ಹಬ್ಬ. ಒಂದು ವರ್ಷ ಮಾಭೆಲೆಯ ತಮ್ಮ ಮಂಡಿಲಾಖೆಯೂ ಹಾಗೇ ಮಾಡಿದ. ಚರ್ಚಿನ ಹಾಡಿನ ತಂಡದಲ್ಲಿ ಎಲ್ಲರಿಗಿಂತ ಕೆಳಸ್ವರ ಅವನದು. ಜೊತೆಗೆ ಹಾಡುವವನೊಬ್ಬನಿಗೆ ಕ್ಷಯ ಬಂದದ್ದರಿಂದ ತಂಡಕ್ಕೆಲ್ಲ ಸೂಜಿ ಹಾಕಿದ್ದರು. ಉಳಿದವರದೆಲ್ಲ ಊದಿತು, ಇವನ ತೋಳಿನ ಮೇಲೆ ಅಕ್ಕನ ಪೆನ್ನು ಎಲ್ಲೂ ನಿಲ್ಲದೆ ಜಾರಿತು. ಅವನು ಗೆದ್ದವನಂತೆ ಹೋಗಿ ಬಿಸಿ ಬಿಸಿ ಕರಿದ ಹಿಟ್ಟಿನ ಉಂಡೆ ತಂದು ಹಂಚಿದ. ನಾನೂ ಎರಡು ತಿಂದೆ. ಮಾಭೆಲೆ ಮುಟ್ಟಲಿಲ್ಲ. ತಮ್ಮನ ಮೈ ಇಳಿದದ್ದನ್ನೂ, ಅವನು ಕೆಮ್ಮನ್ನು ನಗುವಿನಲ್ಲಿ ಮುಚ್ಚುವುದನ್ನೂ ಅವಳು ನೋಡಿದ್ದಳು.

ಆ ಮಧ್ಯಾಹ್ನ ನನಗೆ ಬಿಡಿಸಿ ಹೇಳಿದಳು. ಕ್ಷಯದ ಕ್ರಿಮಿ ಶ್ವಾಸಕೋಶಕ್ಕೆ ಇಳಿದರೆ ಮೈಯ ಕಾವಲು ಕೋಶಗಳು ಅದನ್ನು ನುಂಗುತ್ತವೆ, ಆದರೆ ಎಷ್ಟೋ ಸಲ ಅರಗಿಸಿಕೊಳ್ಳಲಾರವು. ಆಗ ಉಳಿದವು ಬಂದು ಸುತ್ತ ನಿಂತು, ದನದ ದೊಡ್ಡಿಯ ಬೇಲಿಯಂತೆ ಅದನ್ನು ಕೂಡಿ ಹಾಕುತ್ತವೆ. ಒಮ್ಮೆ ಅದರ ಮುಖ ಕಂಡ ಕೋಶಗಳು ಮರೆಯುವುದಿಲ್ಲ. ಸೂಜಿಯಲ್ಲಿ ಅದರದೊಂದು ಚೂರು ಬಂದರೂ ಓಡಿ ಬಂದು ಗುಂಪುಗೂಡುತ್ತವೆ. ಊತವೆಂದರೆ ಅದೇ. ಊದದಿದ್ದರೆ ಕ್ರಿಮಿ ಬಂದೇ ಇಲ್ಲ, ಇಲ್ಲವೇ ಓಡಿ ಬರಲು ಯಾರೂ ಉಳಿದಿಲ್ಲ. ಎಚ್‌ಐವಿ ತಿನ್ನುವುದು ಆ ಕಾವಲಿನವರನ್ನೇ.

ಕಫ ಕೊಡು, ರಕ್ತ ಕೊಡು ಎಂದು ಮೂರು ವಾರ ತಮ್ಮನ ಬೆನ್ನು ಹತ್ತಿದಳು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಊದದ ತೋಳನ್ನೇ ಮುಖಕ್ಕೆ ಹಿಡಿಯುತ್ತಿದ್ದ. ಕಡೆಗೆ ಹಾಡಿನ ಅಭ್ಯಾಸಕ್ಕೇ ಹೋಗಿ, ಎಲ್ಲರೆದುರು ಕುಲದ ಬಿರುದುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಭೆಲೆ, ಖುಬೋನಿ ಎಂದು ಹಿರಿಯರ ಹೆಸರು ಹಿಡಿದು ಬೇಡಿದರೆ ನಮ್ಮಲ್ಲಿ ಗಂಡಸು ಇಲ್ಲವೆನ್ನುವ ಹಾಗಿಲ್ಲ. ಹಾಡು ನಿಂತಿತು.

"ಸಾಕು ಸಿಸಿ. ಸತ್ತೋರನ್ನೆಲ್ಲಾ ಯಾಕೆ ಎಬ್ಬಿಸ್ತೀಯ?" ಅಂದ.

"ನೀನು ಹೋಗಿ ಅವರ ಪಕ್ಕ ಮಲಗಬಾರ್ದು ಅಂತ ಕಣೋ," ಅಂದಳು ಅಕ್ಕ.

ಮರುದಿನ ಕಫ ಕೊಟ್ಟ, ರಕ್ತವನ್ನೂ ಕೊಟ್ಟ. ಕ್ಷಯ, ಎಚ್‌ಐವಿ ಎರಡೂ ಇದ್ದವು. ಎರಡಕ್ಕೂ ಮಾತ್ರೆ ಶುರುವಾಯಿತು. ನುಂಗುವಾಗ ಅಕ್ಕ ಎದುರೇ ಕೂತಿರುತ್ತಿದ್ದಳು. ಆರು ತಿಂಗಳಲ್ಲಿ ಮೈ ತುಂಬಿಕೊಂಡ, ಅವನ ದನಿಗೆ ಚರ್ಚಿನ ಬೆಂಚುಗಳು ಮತ್ತೆ ನಡುಗತೊಡಗಿದವು. ನನಗಂತೂ ಆ ಗದ್ದಲವೇ ಹಿತ.

ಆಮೇಲೆ ಕ್ಲಿನಿಕ್ಕಿಗೆ ಬಂದ ಕ್ಷಯ ಸಂಶೋಧನೆಯವರು, ಮೊದಲು ಊದದವರಿಗೆ ಇನ್ನೊಮ್ಮೆ ಚುಚ್ಚಿ ನೋಡಿ ಎಂದರು. ಮೂರನೆಯ ದಿನ ಮಂಡಿಲಾಖೆ ಅಂಗಿಯ ತೋಳು ಮಣಿಕಟ್ಟಿನವರೆಗೆ ಎಳೆದುಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದ.

"ಊದಿದೆ ಸಿಸಿ. ನುಂಗಿದ್ದೆಲ್ಲಾ ದಂಡ ಆಯ್ತಾ?"

ಹದಿನಾಲ್ಕು ಮಿಲಿಮೀಟರ್. ಮಾಭೆಲೆ ಬರೆಯಲಿಲ್ಲ. ಆ ಊತವನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿ, ಕಾದು ಕೂತವರೆದುರೇ ಅತ್ತುಬಿಟ್ಟಳು.

"ಬಂದಿದಾರೆ ಕಣೋ," ಅಂದಳು. "ನಿನ್ನ ಕಾವಲಿನವರೆಲ್ಲಾ ವಾಪಸ್ ಬಂದಿದಾರೆ."