ಎದುರಿಗೆ ಬಾರದ ಅವ್ವ

ನರ್ಸಿಂಗ್ ಕಾಲೇಜಿನ ಸೂಚನೆಯಲ್ಲಿ ಗೊಂದಲಕ್ಕೆ ಎಡೆ ಇರಲಿಲ್ಲ. ಸೀಟು ಸಿಕ್ಕ ಅಭ್ಯರ್ಥಿ ಕೊನೆಯ ದಿನದೊಳಗೆ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು. ತಂದೆ ಅಥವಾ ತಾಯಿ ಖುದ್ದಾಗಿ ಬಂದು ಸಹಿ ಮಾಡಬೇಕು. ತಪ್ಪಿದರೆ ಸೀಟು ಮುಂದಿನವರ ಪಾಲಾಗುತ್ತದೆ.

ಅದನ್ನು ನಾನು ಬಳ್ಳಾರಿಯ ಪತ್ರಿಕಾ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಕೂತು ಓದಿದೆ. ಇಂಥ ಪ್ರಕಟಣೆಗಳನ್ನು ಅರ್ಧಕ್ಕೆ ಇಳಿಸುವುದೇ ಆಗ ನನ್ನ ಕೆಲಸ. ಇದರಲ್ಲಿ ಇಳಿಸಲು ಏನೂ ಇರಲಿಲ್ಲ. ಅಪ್ಪ ಇಲ್ಲ. ಅವ್ವ ಇದ್ದಾಳೆ, ಆದರೆ ಬರುವವಳಲ್ಲ.

ನಮ್ಮ ಡೆಸ್ಕಿನ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು. "ಏನವಾ, ಮಾರಿ ಹಂಗ್ಯಾಕ ಮಾಡಿ? ಯಾರರ ದೊಡ್ಡವರು ಹೋದ್ರೇನು? ಹೋಗಿದ್ರ ಹೇಳು, ಮೊದಲನೇ ಪುಟದಾಗ ಇನ್ನೂ ಜಾಗ ಐತಿ."

"ಇಲ್ರಿ ಸರ್," ಎಂದೆ. ನಾನು ನರ್ಸಿಂಗ್‌ಗೆ ಅರ್ಜಿ ಹಾಕಿದ್ದು ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಳ್ಳಾರಿಯಲ್ಲಿ ಅದು ಪಾರ್ವತಿನಗರದ ನನ್ನ ಬಾಡಿಗೆ ಕೋಣೆಯ ಗೋಡೆಗಳಿಗಷ್ಟೇ ಗೊತ್ತು. ಪ್ರವೇಶ ಪರೀಕ್ಷೆಗೆ ಓದುವಾಗ ಜೀವಶಾಸ್ತ್ರದ ಪಾಠಗಳನ್ನು ಅವುಗಳಿಗೇ ಒಪ್ಪಿಸಿದ್ದೆ.

ಅವ್ವ ಯಾಕೆ ಬರುವವಳಲ್ಲ ಎಂಬುದನ್ನು ಹೇಳಬೇಕು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು. ಅದಾದ ಮೇಲೆ ಮನೆಯಿಂದ ಯಾರು ಒಳ್ಳೆಯ ಕೆಲಸಕ್ಕೆ ಹೊರಟರೂ ಅವ್ವ ಎದುರಿಗೆ ಬರುವುದನ್ನು ಬಿಟ್ಟಳು. ಗಂಡ ಇಲ್ಲದವಳು ಎದುರಾದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಯಾರೋ ಅವಳಿಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಹಾಗಾಗಿ ಹೇಳಿದರೆಂದು ಬರೆಯಲಾರೆ. ಕಂಡದ್ದು ಇಷ್ಟು: ಪಿಯುಸಿ ಪರೀಕ್ಷೆಯ ಮೊದಲ ದಿನ ಹಾಲ್ ಟಿಕೆಟ್ ಹಿಡಿದು ಹೊರಟಾಗ ಅವಳು ಅಡುಗೆಮನೆಯ ಕದ ಮುಂದೆ ಮಾಡಿಕೊಂಡು ಒಳಗೇ ಕೂತಳು. ಪತ್ರಿಕೆಯ ಕೆಲಸಕ್ಕೆ ಹೊರಟ ದಿನವೂ ಹಾಗೆಯೇ. ಅದೇ ಅವ್ವ ಸಿರುಗುಪ್ಪದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಪರೀಕ್ಷೆಗೆ ಹೋಗುವ ಮಕ್ಕಳೆಲ್ಲ ಅವಳ ಕೈಯ ಅನ್ನ ಸಾರು ಉಂಡೇ ಹೋಗುತ್ತಿದ್ದವು. ಅದನ್ನು ಎತ್ತಿ ಆಡಿದರೆ, "ಅನ್ನದ ಲೆಕ್ಕ ಬ್ಯಾರೆ," ಎನ್ನುತ್ತಿದ್ದಳು.

ನರ್ಸ್ ಆಗುವ ಆಸೆ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಹುಟ್ಟಿತು ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಆಸ್ಪತ್ರೆಯ ಆ ದಿನಗಳಲ್ಲಿ ನನಗೆ ನಿದ್ದೆಯ ಹೊರತು ಬೇರೆ ಆಸೆ ಇರಲಿಲ್ಲ. ವಾರ್ಡಿನ ನರ್ಸ್ ಒಬ್ಬರು ಅಪ್ಪನ ನಾಡಿ ಹಿಡಿದು ಗೋಡೆಯ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದುದು ಮಾತ್ರ ಕಣ್ಣಲ್ಲಿ ಉಳಿಯಿತು. ಅಷ್ಟು ಹೊತ್ತು ಅವರು ಬೇರೆ ಯಾರ ಮಾತಿಗೂ ತಿರುಗುತ್ತಿರಲಿಲ್ಲ. ಮುಂದೆ ಪತ್ರಿಕೆಯಲ್ಲಿ ಅಪಘಾತ, ಆಸ್ಪತ್ರೆ, ಸಾವಿನ ಸುದ್ದಿಗಳನ್ನು ತಿದ್ದುತ್ತಾ ಕೂತಾಗ ಅದು ಮತ್ತೆ ಮತ್ತೆ ನೆನಪಾಯಿತು. ನಾನು ಎಲ್ಲರ ಬಗ್ಗೆ ಬರೆಯುತ್ತಿದ್ದೆ, ಯಾರ ಕೈಯನ್ನೂ ಹಿಡಿದಿರಲಿಲ್ಲ. ಅರ್ಜಿ ಹಾಕಲು ಅಷ್ಟು ಕಾರಣ ಸಾಕಾಯಿತು.

ಅರ್ಜಿ ಹಾಕಿದ್ದು ಬಳ್ಳಾರಿಯ ಒಂದು ಸೈಬರ್ ಸೆಂಟರಿನಲ್ಲಿ. ಪೋಷಕರ ನಂಬರ್ ಎಂದು ಅವ್ವನ ಮೊಬೈಲ್ ನಂಬರ್ ಕೊಟ್ಟೆ. ಒಟಿಪಿ ಅವಳ ಫೋನಿಗೆ ಹೋಯಿತು. ಅವಳು ಶಾಲೆಯ ಅಡುಗೆ ಕೋಣೆಯಲ್ಲಿದ್ದಳು.

"ಅವ್ವಾ, ಮೆಸೇಜಿನ್ಯಾಗ ಅಂಕಿ ಬಂದಾವು, ಓದು."

"ತಡಿ, ಕೈಗೆ ಬ್ಯಾಳಿ ಹತ್ತೈತಿ."

"ಲಗೂನ ಓದವಾ, ಟೈಮ್ ಮುಗೀತೈತಿ!"

"ಯಾರು ನಿಂತಾರ ಅಲ್ಲಿ ಬಡಿಗಿ ಹಿಡ್ಕೊಂಡು? ನಾಕು. ಸೊನ್ನಿ. ಇನ್ನೊಂದು ಸೊನ್ನಿ…"

ಮೂರನೆಯ ಸಲಕ್ಕೆ ಸರಿಯಾಯಿತು. ಸೆಂಟರಿನವನು ನಕ್ಕ. ನಾನು ಕೆಣಕಿದೆ: "ನನ್ನ ಅರ್ಜಿಗೆ ಮೊದಲನೇ ಅಂಕಿ ನೀನೇ ಓದಿದ್ದೀ. ಇದಕ್ಕ ಅಪಶಕುನ ಇಲ್ಲೇನು?"

ಆ ಕಡೆ ಸೌಟಿನ ಸಪ್ಪಳ ನಿಂತಿತು. "ಫೋನಿನ್ಯಾಗ ನನ್ನ ಮಾರಿ ಕಾಣಂಗಿಲ್ಲಲ್ಲ," ಎಂದಳು.

ಸೀಟು ಸಿಕ್ಕ ಸುದ್ದಿ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಅವ್ವನಿಗೆ ಹೇಳುವ ಮೊದಲು ಚಿಗಪ್ಪನ ಮನೆಗೆ ಹೋದೆ, ಅವರು ಒಂದು ಮಾತು ಹೇಳಿದರೆ ಅವ್ವ ಬಂದಾಳು ಎಂದು. ಚಿಗಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಗಿರಣಿಯಿಂದ ಆಗಷ್ಟೇ ಬಂದಿದ್ದರು, ಹುಬ್ಬಿನ ಮೇಲೆ ಇನ್ನೂ ತೌಡಿತ್ತು.

"ಫ್ಯಾನಿನ ಬುಡಕ ಕುಂತು ಪೇಪರ್ ಬರಿಯಾಕಿಗೆ ಮಂದಿ ಉಚ್ಚಿ ಬಳಿಯೋ ಆಸಿ ಬಂತೇನು?"

"ಚಿಗಪ್ಪಾ, ನಿನಗ ಡೆಂಗಿ ಬಂದಾಗ ಎಂಟು ದಿನ ನೋಡ್ಕೊಂಡಾಕಿ ನರ್ಸ್ ಅಲ್ಲೇನು? ಮನಿಗೆ ಬಂದು ದೇವರಂಥಾಕಿ ಅಂತ ನೀನೇ ಹೇಳಿದ್ದಿ."

"ಹೇಳಿದ್ನಿ. ಅಕಿ ಬ್ಯಾರೆಯವರ ಮಗಳು. ನಮ್ಮ ಮನಿ ಹುಡುಗಿ ರಾತ್ರಿ ಡ್ಯೂಟಿ ಮಾಡ್ತಾಳಂದ್ರ ನಾಳೆ ಯಾರು ಹೆಣ್ಣು ಕೇಳಾಕ ಬರ್ತಾರ?" ಎಂದು ಟವೆಲ್ ಕೊಡವಿದರು. "ಹೋಗು, ನಿಮ್ಮವ್ವನ್ನ ಕರ್ಕೊಂಡು ಹೋಗು ನೋಡೋಣು. ಪರೀಕ್ಷಿಗೆ ಹೊಂಟ ಮಗಳ ಎದುರಿಗೆ ಬರಲಾರದಾಕಿ ಬಳ್ಳಾರಿಗೆ ಬರ್ತಾಳೇನು?"

ಅವ್ವ ಸುದ್ದಿ ಕೇಳಿ ಮೊದಲು ಒಲೆ ಸಣ್ಣ ಮಾಡಿದಳು. ಖುಷಿಯಾದಾಗಲೂ ಹೆದರಿದಾಗಲೂ ಅವಳು ಮಾಡುವುದು ಅದನ್ನೇ. ಆಮೇಲೆ ಹೇಳಿದಳು: "ಕುರುಗೋಡಿನ ದೊಡ್ಡವ್ವನ್ನ ಕರ್ಕೊಂಡು ಹೋಗು. ಮುತ್ತೈದಿ. ನನಗಿಂತ ಚಂದ ಸೈ ಮಾಡ್ತಾಳ."

"ಅವ್ವ ಇದ್ದಾಗ ಅವ್ವನೇ ಬರಬೇಕಂತ."

"ಸತ್ತಾಳಂತ ಹೇಳು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. "ನೋಡ್ತೀನಿ," ಎಂದಳು ಕೊನೆಗೆ. ನಮ್ಮ ಮನೆಯಲ್ಲಿ 'ನೋಡ್ತೀನಿ' ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಡೆಸ್ಕಿನಲ್ಲಾಗಿದ್ದರೆ ಖಚಿತಪಡಿಸಿಕೊ ಎಂದು ಹಿಂದಕ್ಕೆ ಕಳಿಸುತ್ತಿದ್ದರು.

ಕೊನೆಯ ದಿನದ ಹಿಂದಿನ ಮಧ್ಯಾಹ್ನ ಅವಳು ಚೀಲ ಹಿಡಿದು ಕುರುಗೋಡಿಗೆ, ತನ್ನ ಅಕ್ಕನ ಮನೆಗೆ ಹೊರಟಳು. ಬೆಳಿಗ್ಗೆ ನಾನು ಹೊರಡುವಾಗ ತಾನು ಮನೆಯಲ್ಲಿ ಇರಲೇಬಾರದು ಎಂಬುದು ಅವಳ ಲೆಕ್ಕ.

"ಅಲ್ಲಿಂದ ಬಳ್ಳಾರಿಗೆ ಬರ್ತೀಯೋ ಇಲ್ಲೋ, ಅಷ್ಟು ಹೇಳು."

"ನೋಡ್ತೀನಿ ಅಂದ್ನಲ್ಲ."

ಮರುದಿನ ಬೆಳಿಗ್ಗೆ ಖಾಲಿ ಮನೆಗೆ ಬೀಗ ಹಾಕಿ ತಿರುಗಿದೆ. ಎದುರುಮನೆಯ ಅಕ್ಕ ತುಂಬಿದ ಕೊಡ ಹೊತ್ತು ಬರುತ್ತಿದ್ದಳು. ಅವರ ಮನೆಯೊಳಗೇ ನಲ್ಲಿ ಇದೆ, ನೀರು ಹೊರುವ ಅಗತ್ಯವಿಲ್ಲ. "ನಿಮ್ಮವ್ವ ಹೇಳಿ ಹೋಗ್ಯಾಳ. ನಡಿ ನಡಿ, ಕೊಡ ಭಾರ ಐತಿ," ಎಂದಳು. ನಾನು ನಡೆದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೆಕ್ಕಲಕೋಟೆಯವರೆಗೂ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಹೆಂಗಸರು ಸಾಲಾಗಿ ಬಗ್ಗಿದ್ದರು. ದಾಖಲೆಯ ಫೈಲನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಪಕ್ಕದಲ್ಲಿ ಕೂತ ಮುದುಕಿ, "ಯಾವ ಊರಿಗೆ ಕೊಟ್ಟಾರವ್ವಾ ನಿನ್ನ?" ಎಂದು ಕೇಳಿದಳು. ಗಂಡನ ಮನೆಗೆ ಹೊರಟವಳ ಹಾಗೆ ಕಾಣುತ್ತಿದ್ದೆನೇನೋ. ಎಲ್ಲಿಗೂ ಕೊಟ್ಟಿಲ್ಲ ಎಂದೆ.

ಕಾಲೇಜಿನ ವರಾಂಡದಲ್ಲಿ ಎಲ್ಲ ಹುಡುಗಿಯರ ಜೊತೆಗೂ ಯಾರೋ ಇದ್ದರು. ಒಬ್ಬಳ ಅಪ್ಪ ಅವಳ ಫೈಲ್ ಹಿಡಿದು, ಪದೇ ಪದೇ ತೆರೆದು ನೋಡಿ ಮುಚ್ಚುತ್ತಿದ್ದ. ಇನ್ನೊಬ್ಬಳ ಅಮ್ಮ ಡಬ್ಬಿಯಿಂದ ಚಿತ್ರಾನ್ನ ತೆಗೆದು ತುತ್ತು ಮಾಡಿ ತಿನ್ನಿಸುತ್ತಿದ್ದಳು. ಮಗಳು, "ಅಮ್ಮಾ, ಎಲ್ಲಾರೂ ನೋಡ್ತಾರ," ಎಂದು ಬಾಯಿ ಸರಿಸುತ್ತಾ ತಿನ್ನುತ್ತಿದ್ದಳು. ನಾನು ಗೋಡೆಯ ಸೂಚನಾ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಕಾಗುಣಿತದ ತಪ್ಪುಗಳಿದ್ದವು. ಆ ಹೊತ್ತಿಗೆ ನನಗೆ ಜೊತೆ ಅಂತ ಇದ್ದದ್ದು ಅವೇ.

ನನ್ನ ಸರದಿ ಬಂತು. ಗುಮಾಸ್ತರು ದಾಖಲೆಗಳನ್ನು ಒಂದೊಂದೇ ನೋಡಿ ಗುರುತು ಹಾಕಿದರು. ಎಲ್ಲ ಸರಿಯಿತ್ತು.

"ಪೋಷಕರು?"

"ಬರ್ತಾರ್ರಿ."

"ಎಲ್ಲಿಂದ?"

"ಕುರುಗೋಡಿಂದ."

"ಕುರುಗೋಡೇನು ಕಾಶ್ಮೀರದಾಗ ಐತೇನಮ್ಮಾ?" ಹಿಂದೆ ನಿಂತವರು ನಕ್ಕರು. ಗುಮಾಸ್ತರು ನನ್ನ ಫೈಲನ್ನು ಪಕ್ಕಕ್ಕಿಟ್ಟರು. "ಸಂಜಿ ಬಾಗಲ ಹಾಕೂಮಟ ಇಟ್ಕೊಂಡಿರ್ತೀನಿ. ಆಮ್ಯಾಲೆ ನನ್ನ ಕೈಯಾಗಿಲ್ಲ ನೋಡು."

ಅವ್ವನಿಗೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ದೊಡ್ಡವ್ವನಿಗೆ ಮಾಡಿದೆ. "ಅಕಿ ಕೋಳಿ ಕೂಗೂದರಾಗ ಎದ್ದು ಹೋದ್ಲಲ್ಲೇ! ಬಸವಣ್ಣನ ಗುಡಿಗೆ ಹೋಗಿ ಬರ್ತೀನಂದ್ಲು. ನಿನ್ನ ಕೂಡ ಇಲ್ಲೇನು?" ದೊಡ್ಡವ್ವನ ದನಿಯಲ್ಲಿ ಗಾಬರಿ ಇತ್ತು. ನನಗೂ ಆಯಿತು. ಬೆಳಿಗ್ಗೆ ದೊಡ್ಡವ್ವನ ಮನೆ ಬಿಟ್ಟವಳು ಮಧ್ಯಾಹ್ನವಾದರೂ ಎಲ್ಲಿದ್ದಾಳೆ ಎಂಬುದು ಯಾರಿಗೂ ಗೊತ್ತಿಲ್ಲ. ವರಾಂಡ ಖಾಲಿಯಾಗುತ್ತಾ ಬಂತು. ಚಿತ್ರಾನ್ನದ ಹುಡುಗಿಯೂ ಹೋದಳು. ಸೀಟು ಹೋದರೆ ಮರುದಿನ ಡೆಸ್ಕಿಗೆ ಹೋಗಿ ಕೂತರಾಯಿತು, ಅಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಗೆದ್ದರೂ ಸೋತರೂ ಕೇಳುವವರಿಲ್ಲ ಎಂಬುದು ಆಗಲೇ ಹೊಳೆದದ್ದು.

ಆಗ ಗೇಟಿನ ವಾಚ್‌ಮನ್ ಒಳಗೆ ಬಂದ. "ಸಿರುಗುಪ್ಪದ ಹುಡುಗಿ ಯಾರ್ರಿ? ಹೊರಗ ಒಬ್ಬಾಕಿ ಅಮ್ಮ ಮುಂಜಾನಿಂದ ನನ್ನ ತಲಿ ತಿನ್ನಾಕ ಹತ್ಯಾಳ. ಒಳಗಿಂದ ಯಾರು ಬಂದ್ರೂ ಹಿಡಿದು ಕೇಳ್ತಾಳ, ಸಿರುಗುಪ್ಪದ ಹುಡುಗೀದು ಆತೇನ್ರಿ ಅಂತ."

ಗೇಟಿನ ಆಚೆ, ಚಹಾದ ಬಂಡಿಯ ಹಿಂದೆ, ಬೇವಿನ ಮರದ ಬುಡದಲ್ಲಿ ಅವ್ವ ಕೂತಿದ್ದಳು. ನನಗಿಂತ ಮೊದಲೇ ಬಂದಿದ್ದಳು. ನಾನು ಗೇಟು ದಾಟುವಾಗ ಬಂಡಿಯ ಮರೆಗೆ ಸರಿದಿದ್ದಳಂತೆ.

"ಫೋನ್ ಯಾಕ ಎತ್ತಲಿಲ್ಲ?"

"ಎತ್ತಿದ್ರ ಒಳಗ ಬಾ ಅಂತಿದ್ದಿ. ನಿಂದು ಆತೇನು?"

"ನೀ ಸೈ ಮಾಡದ ಹೆಂಗ ಆಗತೈತಿ?"

"ಮೊದಲು ಗಟ್ಟಿ ಆಗಲಿ. ಆದಮ್ಯಾಲೆ ಬಂದು ಮಾಡಿದ್ರಾತು ಅಂತ ಕುಂತೀನಿ."

"ಅವ್ವಾ, ನೀ ಸೈ ಮಾಡಿದಮ್ಯಾಲೇ ಅದು ಗಟ್ಟಿ ಆಗೂದು."

ಅವಳು ನನ್ನ ಮುಖ ನೋಡಿದಳು. ಮುಂಜಾನೆಯಿಂದ ಕಾದದ್ದು ಯಾವುದಕ್ಕೆ ಎಂಬುದು ಅವಳಿಗೆ ಆಗ ತಿಳಿಯಿತು. ತಾನು ಬಾರದೆ ಸೀಟು ಗಟ್ಟಿಯಾಗದು, ಸೀಟು ಗಟ್ಟಿಯಾಗದೆ ತಾನು ಬರಲೊಲ್ಲಳು.

"ಹಿಂಗ ಯಾರು ಮಾಡಿದ್ರು ರೂಲು?"

"ಗೊತ್ತಿಲ್ಲ."

"ಯಾವನೋ ಗಂಡಸ ಇರಬೇಕು," ಎಂದು ಸೀರೆ ಕೊಡವಿಕೊಂಡು ಎದ್ದಳು. "ನಡಿ. ನೀ ಮುಂದ, ನಾ ಹಿಂದ."

ವರಾಂಡದಲ್ಲಿ ನನ್ನ ಹೆಜ್ಜೆ ನಿಂತರೆ ಅವಳದೂ ನಿಲ್ಲುತ್ತಿತ್ತು. ಗುಮಾಸ್ತರು ಕಾಗದವನ್ನು ನನ್ನನ್ನು ದಾಟಿಸಿ ಅವಳ ಕಡೆ ಸರಿಸಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇಕಿ ಮೊದಲ ಮಾಡಿದ್ರ ನಡಿಯಂಗಿಲ್ಲೇನ್ರಿ?"

"ಯಾರು ಮೊದಲ ಮಾಡಿದ್ರೂ ಸೀಟು ಅದೇ ಸೀಟು. ಲಗೂನ ಮಾಡ್ರಿ ಅಮ್ಮಾ."

ಪೆನ್ನು ನನ್ನ ಕೈಗೆ ಬಂತು. ನಾನು ಮೊದಲು ಸಹಿ ಮಾಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಎಲ್ಲರಿಗೂ ಅದೇ ಸುಲಭ. ಆದರೆ ನಾನು ಪೆನ್ನನ್ನು ಅವಳ ಮುಂದೆ ಇಟ್ಟೆ. "ನೀನೇ ಮೊದಲ ಮಾಡು. ಕೆಟ್ಟರ ಕೆಡಲಿ," ಎಂದೆ. ಅದನ್ನು ಧೈರ್ಯ ಎನ್ನಲಾರೆ. ಬೆಳಗಿನಿಂದ ಒಬ್ಬಳೇ ನಿಂತು ದಣಿದಿದ್ದೆ.

ಅವ್ವ ಬಹಳ ಹೊತ್ತು ಸಹಿಯ ಜಾಗವನ್ನೇ ನೋಡಿದಳು. ಆಮೇಲೆ ಒತ್ತಿ ಒತ್ತಿ ತನ್ನ ಹೆಸರು ಬರೆದಳು. ನಾನು ಅದರ ಕೆಳಗೆ ಬರೆದೆ. ಗುಮಾಸ್ತರು ಮುದ್ರೆ ಹೊಡೆದರು.

"ಆತೇನ್ರಿ? ಏನೂ ಆಗಲಿಲ್ಲಲ್ಲ?" ಎಂದು ಅವ್ವ ಕೇಳಿದಳು.

"ಏನಾಗಬೇಕಿತ್ತು?" ಎಂದು ಅವರು ಮುಂದಿನ ಫೈಲ್ ಎಳೆದುಕೊಂಡರು.

ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಯಲ್ಲಿ ಎದುರುಬದುರು ಕೂತು ಉಂಡೆವು. ಅವಳು ರೊಟ್ಟಿ ಮುರಿಯುತ್ತಾ ಕೇಳಿದಳು: "ಹಾಸ್ಟೆಲಿನ್ಯಾಗ ಒಬ್ಬಾಕಿನೇ ಮಲಗಬೇಕೇನು?"

"ಇಲ್ಲ. ಒಂದು ಖೋಲಿಗೆ ನಾಕು ಮಂದಿ."

"ಚಲೋ ಆತು. ಒಬ್ಬಾಕಿನೇ ಇರಬಾರದು. ಮಾತಿಲ್ದ ಬಾಯಿ ಒಣಗತೈತಿ."

ನಾನು ತಲೆ ಎತ್ತಿದೆ. ಅವಳು ಪಲ್ಯ ಹಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಇರುವುದು ಹೇಗಿರುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಅವಳು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಉಂಡು ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಸಿರುಗುಪ್ಪದ ಬಸ್ಸು ಬಂತು. ಮರುದಿನ ಶಾಲೆ ಇದೆ, ಅಕ್ಕಿ ಆರಿಸಬೇಕು ಎನ್ನುತ್ತಾ ಅವಳು ಹತ್ತಿದಳು. ಕೆಲಸ ಬಿಡುವುದನ್ನು ಬೆಳಿಗ್ಗೆ ಡೆಸ್ಕಿನಲ್ಲಿ ಹೇಳುವುದಿತ್ತು, ನಾನು ಪಾರ್ವತಿನಗರದ ನನ್ನ ಕೋಣೆಯ ಕಡೆ ನಡೆದೆ.